ಮುಂಬಯಿಯ ನಳದ ಕೆಲಸ, ತಿಳವಳ್ಳಿಯ ತವರು

ಮುಂಬಯಿಗೆ ಬಂದ ಮರುದಿನ ನಸುಕಿನಲ್ಲಿ ಗೋಡೆ ಕೆಮ್ಮಿದ್ದು ಕೇಳಿ ನಾನು ಎದ್ದು ಕುಳಿತೆ. ದಮ್ಮು ಹತ್ತಿದವರು ಉಸಿರು ಎಳೆದ ಹಾಗಿತ್ತು ಆ ಸದ್ದು. ಹೆದರಿ ನಮ್ಮವರ ತೋಳು ಅಲುಗಿಸಿದೆ.

"ಅಂಜಬ್ಯಾಡ. ನಳಕ್ಕ ನೀರು ಬರಾಕತ್ತೈತಿ. ಮೊದಲು ಗಾಳಿ ಬರತೈತಿ, ಆಮ್ಯಾಲೆ ನೀರು" ಎಂದವರೇ ಕೊಡ ಎತ್ತಿಕೊಂಡು ಹೊರಗೆ ಓಡಿದರು. ಗಂಡಸರು ನೀರಿಗೆ ಓಡಿದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ನನ್ನ ತವರು ಹಾನಗಲ್ಲ ತಾಲೂಕಿನ ತಿಳವಳ್ಳಿ. ಅಲ್ಲಿ ನೀರಿಗೆ ಹೋಗುವುದೆಂದರೆ ಹೆಂಗಸರಿಗೆ ಒಂದು ಬಿಡುವು. ಬಾವಿಯ ಕಟ್ಟೆಯ ಮೇಲೆ ಕೊಡ ಇಟ್ಟು ಯಾರ ಮನೆಯಲ್ಲಿ ಹೆಣ್ಣು ನೋಡಿಹೋದರು, ಯಾರ ಎಮ್ಮೆ ಈಯಿತು ಎಂದು ಮಾತಾಡಿ ಬರುತ್ತಿದ್ದೆವು. ಇಲ್ಲಿ ಇಡೀ ಚಾಳಿಗೆ, ಅಂದರೆ ಒಂದೊಂದೇ ಖೋಲಿಯ ಮನೆಗಳು ಸಾಲಾಗಿರುವ ಆ ಕಟ್ಟಡಕ್ಕೆ, ಮಹಡಿಗೊಂದು ನಳ. ಬಿಸಿಲು ಏರುವ ಮೊದಲೇ ಅದು ಒಣಗುತ್ತಿತ್ತು. ಸಾಲಿನಲ್ಲಿ ನಿಂತ ಹೆಂಗಸರು ನನ್ನತ್ತ ನೋಡಿದರೂ ಮಾತು ಬೆಳೆಯುತ್ತಿರಲಿಲ್ಲ. ಅವರ ಮರಾಠಿ ನನಗೆ ಬಾರದು, ನನ್ನ ಕನ್ನಡ ಅವರಿಗೆ ತಿಳಿಯದು. ಕೊಡ ತುಂಬಿಕೊಂಡು ಬಂದು ಬಾಗಿಲು ಮುಚ್ಚಿದರೆ ಸಂಜೆಯವರೆಗೆ ನನ್ನ ದನಿ ನನಗೇ ಕೇಳಿಸುತ್ತಿರಲಿಲ್ಲ.

ಮದುವೆಯ ಮಾತುಕತೆಯಲ್ಲಿ ವರ ಏನು ಮಾಡುತ್ತಾನೆ ಎಂದು ಕೇಳಿದಾಗ, "ಮುಂಬಯ್ಯಾಗ ಕಬ್ಬಿಣದ ಕೆಲಸ" ಎಂದಿದ್ದರು. ಸುಳ್ಳೇನಲ್ಲ, ಕೊಳವೆಗಳು ಕಬ್ಬಿಣದವೇ. ನಮ್ಮವರು ಚಿಕ್ಕೇರೂರಿನವರು. ಗಿರಣಿ ಕೆಲಸ ಸಿಗುತ್ತದೆಂದು ಮುಂಬಯಿಗೆ ಬಂದು, ಅದು ಸಿಗದೆ, ನಳ ಜೋಡಿಸುವ ಒಬ್ಬ ಉಸ್ತಾದನ ಕೈಕೆಳಗೆ ಸೇರಿದ್ದರು. ಇವರು ದಿನವಿಡೀ ಕೊಳವೆ ಕೊಯ್ದು, ಹೊತ್ತು, ಜೋಡಿಸಿದರೆ ಮನೆಯವರು ಕೊಡುವ ದುಡ್ಡು ಉಸ್ತಾದನ ಕಿಸೆಗೆ ಹೋಗುತ್ತಿತ್ತು. ಅದರಲ್ಲಿ ಕಾಲುಪಾಲು ಇವರ ಕೈಗೆ ಬಂದರೆ ಹೆಚ್ಚು. ಊರಿನಲ್ಲಿ ಕೊಯ್ಲಿಗೆ ಬಂದ ಆಳಿಗೆ ನಾವು ಭತ್ತ ಅಳೆದು ಕೊಟ್ಟು ಊಟವನ್ನೂ ಹಾಕುತ್ತಿದ್ದೆವು. ಇಲ್ಲಿ ಊಟವನ್ನೂ ಅದೇ ಕೂಲಿಯಲ್ಲಿ ತೂಗಿಸಬೇಕು.

"ಹಿಂಗಾದ್ರ ಹೆಂಗ್ರಿ?" ಎಂದು ಒಂದು ದಿನ ಕೇಳಿದೆ.

"ಉಸ್ತಾದನ ಕಡೆ ಇರೂತನಕಾ ಇಷ್ಟ. ಸ್ವಂತ ಹತ್ಯಾರ ಬೇಕು. ನಮ್ಮನ್ನ ಹೆಸರು ಹಿಡದು ಕರಿಯೂ ಮನಿ ಬೇಕು. ಆಮ್ಯಾಲೆ ಸರಕಾರಿ ಪರವಾನಗಿ."

ಹತ್ಯಾರಕ್ಕೆ ದುಡ್ಡು ಎಲ್ಲಿಂದ? ಬಂದರಿನಲ್ಲಿ ದುಡಿಯುತ್ತಿದ್ದ ಶಿಗ್ಗಾಂವಿಯವರೊಬ್ಬರು, ಸವಣೂರಿನವರೊಬ್ಬರು ಖಾನಾವಳಿಯ ಚಪಾತಿ ತಿಂದು ಬೇಸತ್ತಿದ್ದರು. ನಾನು ಅವರಿಗೆ ತಿಂಗಳಿಗಿಷ್ಟು ದುಡ್ಡಿಗೆ ರೊಟ್ಟಿ ಬಡಿದು ಹಾಕತೊಡಗಿದೆ. ಇಬ್ಬರೂ ಉಣ್ಣುತ್ತ ಊರ ಮಾತು ಆಡುತ್ತಿದ್ದರು. ಅದನ್ನು ಕೇಳುವುದಕ್ಕಾಗಿಯೇ ನಾನು ಇನ್ನೊಂದು ರೊಟ್ಟಿ ಹೆಚ್ಚು ಬಡಿಯುತ್ತಿದ್ದೆ. ಹಾಗೆ ಕೂಡಿಟ್ಟ ದುಡ್ಡಿನಿಂದ ಹಳೆಯ ಬಜಾರಿನಲ್ಲಿ ಎರಡು ಪಾನಾ, ಅಂದರೆ ಕೊಳವೆಯನ್ನು ಕಚ್ಚಿ ಹಿಡಿದು ತಿರುಗಿಸುವ ಹತ್ಯಾರ, ಒಂದು ಕರಗಸ ಬಂದವು. ಇವರು ಉಸ್ತಾದನಿಗೆ ಕೈಮುಗಿದು ಹೊರಬಂದರು.

ಆದರೆ ಕೆಲಸ ಬರಲಿಲ್ಲ. ಹಗಲೆಲ್ಲ ಗಂಡಸರು ಗಿರಣಿಗೋ ಕಚೇರಿಗೋ ಹೋಗಿರುತ್ತಿದ್ದರು. ಒಬ್ಬಳೇ ಇರುವ ಹೆಂಗಸು ಅಪರಿಚಿತ ಗಂಡಸನ್ನು ಒಳಗೆ ಬಿಡುವುದುಂಟೆ? "ಐತವಾರ ಬಾ" ಎನ್ನುತ್ತಿದ್ದರು. ವಾರದಲ್ಲಿ ಐತವಾರ ಒಂದೇ.

ಪಕ್ಕದ ಖೋಲಿಯ ಸುಶೀಲಾಬಾಯಿ ಆಗ ನೆರವಾದಳು. ಅವಳ ಮೋರಿ ಕಟ್ಟಿಕೊಂಡಿತ್ತು. ನಮ್ಮ ಕಡೆ ಬೀದಿಯ ಗಟಾರವನ್ನು ಮೋರಿ ಎಂದರೆ, ಇಲ್ಲಿ ಖೋಲಿಯ ಮೂಲೆಯಲ್ಲಿ ಪಾತ್ರೆ ತೊಳೆಯುವ, ಮೈ ತೊಳೆಯುವ ತಗ್ಗಿಗೆ ಆ ಹೆಸರು. ಅವಳು ಬಾಗಿಲಲ್ಲಿ ನಿಂತು ಇವರತ್ತ ನೋಡಿ, ನನ್ನತ್ತ ನೋಡಿ, ನೀನೂ ಬಾ ಎಂದು ಕೈಸನ್ನೆ ಮಾಡಿದಳು. ನಾನು ಹೋಗಿ ಕುಳಿತೆ. ಸುಮ್ಮನೆ ಕೂರಲು ನಾಚಿಕೆಯಾಗಿ ಪಾನಾ ಹಿಡಿದುಕೊಟ್ಟೆ. ಕಟ್ಟಿದ್ದ ಕೊಳವೆ ತೆರೆದು ನೀರು ಹರಿದಾಗ ಅವಳು ಬಾಯ್ತುಂಬ ನಕ್ಕು ನಮಗಿಬ್ಬರಿಗೂ ಚಹಾ ಕೊಟ್ಟಳು.

ಅವಳ ಬಾಯಿಂದ ಸುದ್ದಿ ಹಬ್ಬಿತು. ಹೆಂಡತಿಯನ್ನು ಕರೆದುಕೊಂಡು ಬರುವ ನಳದವನಿಗೆ ಹಗಲಿನಲ್ಲೂ ಬಾಗಿಲು ತೆರೆಯತೊಡಗಿದವು. ನಾನು ಕಲಿತ ಮೊದಲ ಮರಾಠಿ ಮಾತು "ಕುಠೇ ಗಳತಂಯ?" ಎಂಬುದು, ಎಲ್ಲಿ ಸೋರುತ್ತಿದೆ ಎಂದು. ಆಮೇಲಾಮೇಲೆ ನಳದ ಒಳಗಿನ ಸವೆದ ಚರ್ಮದ ಬಿಲ್ಲೆ ಬದಲಿಸುವಂಥ ಸಣ್ಣ ಕೆಲಸಕ್ಕೆ ನಾನೊಬ್ಬಳೇ ಹೋಗುತ್ತಿದ್ದೆ. ಇವರು ದೊಡ್ಡ ಕೆಲಸಕ್ಕೆ ಬೇರೆ ಕಡೆ ಹೋಗುತ್ತಿದ್ದರು. ನೀರು ತರುವ ಕೊಳವೆಗಿಂತ ಸಂಡಾಸದ ಕೊಳವೆಗೆ ಕೂಲಿ ಹೆಚ್ಚು, ಮಾಡುವವರು ಕಡಿಮೆ. ಮೊದಲ ಸಲ ಮೂಗಿಗೆ ಸೆರಗು ಕಟ್ಟಿಕೊಂಡು ಹೋದೆ, ಮನೆಗೆ ಬಂದು ಉಣ್ಣಲಾಗಲಿಲ್ಲ. ನಿಧಾನವಾಗಿ ಅದೂ ರೂಢಿಯಾಯಿತು.

ಪಂಚಮಿಗೆ ಹೆಣ್ಣುಮಕ್ಕಳನ್ನು ತವರಿಗೆ ಕರೆಯುವುದು ನಮ್ಮ ಕಡೆಯ ಪದ್ಧತಿ. ಒಂದು ವರ್ಷ ನನ್ನ ಅಣ್ಣ ವೀರಪ್ಪ ಹೇಳದೆ ಕೇಳದೆ ಕರೆಯಲು ಬಂದ. ಖೋಲಿಗೆ ಬೀಗ ಕಂಡು ಸುಶೀಲಾಬಾಯಿಯನ್ನು ಕೇಳಿದ್ದಾನೆ. ಅವಳು ಸಂಭ್ರಮದಿಂದ ಎದುರಿನ ಕಟ್ಟಡಕ್ಕೆ ಕರೆತಂದಳು. ನಾನು ಸಂಡಾಸದ ಬಾಗಿಲಲ್ಲಿ ಮೊಣಕಾಲೂರಿ, ಮೊಣಕೈವರೆಗೆ ಕೊಳವೆಯೊಳಗೆ ಕೈ ಹಾಕಿದ್ದೆ.

"ಅಣ್ಣಾ! ಯಾವಾಗ ಬಂದಿ?"

"ಪಂಚಮಿಗೆ ಕರಕೊಂಡು ಹೋಗಾಕ ಬಂದಿದ್ದೆ" ಎಂದ. ಆ 'ಬಂದಿದ್ದೆ' ನನಗೆ ಅರ್ಥವಾಯಿತು.

ಖೋಲಿಗೆ ಬಂದು ಜಳಕ ಮಾಡಿ, ಮಡಿಸೀರೆ ಉಟ್ಟು, ಅವನ ಮುಂದೆ ನೀರಿನ ತಂಬಿಗೆ ಇಟ್ಟೆ. ಅವನು ಮುಟ್ಟಲಿಲ್ಲ. "ನಮ್ಮ ಮನಿ ಹೆಣ್ಣಮಗಳು ಮಂದಿ ಸಂಡಾಸದಾಗ ಕೈಯಾಡಿಸಿ ಉಣ್ಣೂ ಹೊತ್ತು ಬಂತೇನು?" ಎಂದು, ಅಷ್ಟರಲ್ಲಿ ಕೆಲಸದಿಂದ ಬಂದಿದ್ದ ಇವರನ್ನು ಕೇಳಿದ.

ಇವರು ತಲೆ ತಗ್ಗಿಸಿದರು. ನನಗೆ ಅದನ್ನು ಸಹಿಸಲಾಗಲಿಲ್ಲ. "ಕೆಲಸ ಮಾಡಿ ಉಣ್ಣಾಕತ್ತೇವಿ ಅಣ್ಣಾ. ದಿನಾ ಅದನ್ನ ತೊಳಿಯೂ ಮಂದೀನೂ ಅದಾರ. ಅವರೂ ಮನಶ್ಯಾರ."

"ನಾಲಿಗಿ ಉದ್ದ ಆಗೇತಿ ನಿಂದು" ಎಂದು ಚೀಲ ಎತ್ತಿಕೊಂಡ. ಉಣ್ಣದೆ, ನೀರು ಕುಡಿಯದೆ ಅದೇ ಸಂಜೆಯ ಗಾಡಿಗೆ ಹೋದ. ಆ ವರ್ಷದಿಂದ ಪಂಚಮಿಗೆ ಯಾರೂ ಕರೆಯಲಿಲ್ಲ.

ಕೆಲಸ ಬೆಳೆಯಿತು. ಇವರು ಪರೀಕ್ಷೆ ಕೊಟ್ಟು ಪರವಾನಗಿ ಪಡೆದರು. ಅದಾದ ಮೇಲೆ ಹೊಸ ಕಟ್ಟಡಗಳ ಗುತ್ತಿಗೆ ಸಿಕ್ಕವು. ಹಳೆಯ ಕಟ್ಟಡಗಳ ಮಾಲಕರು, ಕೆಟ್ಟಾಗ ಕರೆಯುವ ಬದಲು, ಎಲ್ಲ ನಳ ನೋಡಿಕೊಂಡಿರಿ ಎಂದು ತಿಂಗಳಿಗಿಷ್ಟು ಗೊತ್ತುಮಾಡಿದರು. ಮಳೆ ಬರಲಿ ಬಿಡಲಿ, ಬರುವ ದುಡ್ಡು ಬರುತ್ತಿತ್ತು. ಹೊಲದವರ ಮನೆಯಲ್ಲಿ ಹುಟ್ಟಿದ ನನಗೆ ಅದು ದೊಡ್ಡ ನೆಮ್ಮದಿ. ಈ ನಡುವೆ ರಾಜ್ಯಗಳು ಬೇರೆಯಾದವು. ನಾನು ಬಂದಾಗ ತಿಳವಳ್ಳಿಯೂ ಮುಂಬಯಿಯೂ ಒಂದೇ ರಾಜ್ಯದಲ್ಲಿದ್ದವು. ನಾನು ಕುಳಿತಲ್ಲೇ ಕುಳಿತಿದ್ದರೂ ಪರರಾಜ್ಯದವಳಾದೆ.

ಒಂದು ಮಳೆಗಾಲದಲ್ಲಿ ಅವ್ವನಿಗೆ ಆರಾಮಿಲ್ಲವೆಂದು ತಿಳಿದಾಗ ಯಾರ ಕರೆಗೂ ಕಾಯದೆ ಹೊರಟೆ. ಪುಣೆಯಲ್ಲಿ ಗಾಡಿ ಬದಲಿಸಿ, ಹಾವೇರಿಯಲ್ಲಿ ಇಳಿದು, ಬಸ್ಸು ಹತ್ತಿ ಊರು ಮುಟ್ಟಿದೆ. ಅತ್ತಿಗೆ ಬಾಗಿಲಿಗೆ ಬಂದು, "ಅಲ್ಲೇ ಕಟ್ಟಿಮ್ಯಾಲೆ ಕುಂದರ್ರಿ" ಎಂದಳು. ನನಗೆ 'ರಿ' ಹಚ್ಚಿ ಅವಳೆಂದೂ ಮಾತಾಡಿದವಳಲ್ಲ. ಚರಿಗೆ ತಂದು, ನನ್ನ ಬೊಗಸೆಗೆ ತಗಲದಂತೆ ಮೇಲಿನಿಂದ ನೀರು ಹೊಯ್ದಳು. ಬಾಯಾರಿತ್ತು, ಕುಡಿದೆ. ಊರಲ್ಲಿ ಯಾರಾರಿಗೆ ಹೀಗೆ ನೀರು ಹೊಯ್ಯುತ್ತಿದ್ದರೋ ಅವರೆಲ್ಲರ ಮುಖ ಆಗ ನೆನಪಾಯಿತು. ನಾನೂ ಹೀಗೆ ಹೊಯ್ದವಳೇ.

ಒಳಗೆ ಹೊರಸಿನ ಮೇಲಿದ್ದ ಅವ್ವ ಎಲ್ಲವನ್ನೂ ನೋಡಿದ್ದಳು. "ನೀಲಾ, ಒಳಗ ಬಾ" ಎಂದಳು. ನಾನು ಅಣ್ಣನ ಮುಖ ನೋಡಿದೆ.

"ಅವನ್ನ ಯಾಕ ನೋಡ್ತಿ? ಮನಿ ಅವಂದಿರಬೌದು, ಗಂಟಲ ನಂದು. ನನಗ ನೀರಡಿಕ್ಯಾಗೇತಿ. ನಿನ್ನ ಕೈಲೆ ಹಾಕು."

ಒಳಗೆ ಹೋದೆ. ಹಂಡೆಯಲ್ಲಿ ತಂಬಿಗೆ ಅದ್ದಿದೆ. ಅಣ್ಣ ಬಾಗಿಲಲ್ಲಿ ಕಂಬದಂತೆ ನಿಂತಿದ್ದ, ತಡೆಯಲಿಲ್ಲ. ಅವ್ವನ ತಲೆ ಎತ್ತಿ ಹಿಡಿದು ಕುಡಿಸಿದೆ. ಅವಳು ಗುಟುಕು ಗುಟುಕಾಗಿ ಪೂರ್ತಿ ಕುಡಿದಳು. ಆಮೇಲೆ ನನ್ನ ಅಂಗೈ ತಿರುಗಿಸಿ, ದಡ್ಡುಗಟ್ಟಿದ ಕಡೆಯೆಲ್ಲ ಬೆರಳಾಡಿಸಿ, "ಬ್ಯಾನಿ ಆಗತೈತೇನು?" ಎಂದಳು.

"ಈಗ ಇಲ್ಲವ್ವಾ."

ಆ ಮಳೆಗಾಲ ಮುಗಿಯುವ ಮೊದಲೇ ಅವ್ವ ತೀರಿಕೊಂಡಳು. ಅಲ್ಲಿಯವರೆಗೂ ಆ ಮನೆಯಲ್ಲೇ ಇದ್ದು ಅವಳಿಗೆ ನೀರು, ಗಂಜಿ ಕುಡಿಸಿದೆ. ಮರಳುವ ದಿನ ಅಣ್ಣ ಹಾವೇರಿಯವರೆಗೆ ಬಂದು ಟಿಕೀಟು ತೆಗೆಸಿದ. ಗಾಡಿ ಅಲುಗಿದಾಗ "ಹೋಗಿ ಬಾ" ಎಂದ. ಎಂದಿನ ಮಾತೇ ಅದು. ಮನಸ್ಸಿನಿಂದ ಅಂದನೋ ರೂಢಿಯಿಂದ ಅಂದನೋ ತಿಳಿಯದು.

ಈಚೆಗೆ ಹಾನಗಲ್ಲಿನ ಮನೆಗಳಿಗೂ ನಳ ಬರುತ್ತವೆಂಬ ಸುದ್ದಿ ಬಂತು. ಇವರು ಉಂಡು ಕೈ ತೊಳೆಯುತ್ತ, "ಪರವಾನಗಿ ಐತಿ, ಹತ್ಯಾರ ಅದಾವ. ಊರ ಕಡೆ ಹೋಗಿ ಒಂದು ಅಂಗಡಿ ಇಡೂಣೇನು?" ಎಂದರು.

ಅಲ್ಲಿ ನನ್ನ ಮಾತು ಎಲ್ಲರಿಗೂ ತಿಳಿಯುತ್ತದೆ. ನಾನು ಮುಟ್ಟಿದ ನೀರನ್ನು ಎಷ್ಟು ಮಂದಿ ಕುಡಿದಾರು? ಇಲ್ಲಿ ಹತ್ತಾರು ಮನೆಯವರು ನನ್ನ ಕೈಯಿಂದ ಚಹಾ ಕುಡಿಯುತ್ತಾರೆ. ಅವರಲ್ಲಿ ಒಬ್ಬರಿಗೂ ನನ್ನ ಅವ್ವನ ಹೆಸರು ಗೊತ್ತಿಲ್ಲ.

"ನಾಳೆ ಹೇಳ್ತೇನಿ" ಎಂದೆ. ಮುಂಜಾನೆ ಮೂರನೆಯ ಮಹಡಿಯ ಹೆಂಗಸು ನೀರು ಸೋರುತ್ತಿದೆಯೆಂದು ಕೂಗಿದಳು. ಪಾನಾ ಹಿಡಿದು ಮೆಟ್ಟಿಲು ಹತ್ತಿದೆ. ಇವರು ಮತ್ತೆ ಕೇಳಿಲ್ಲ. ನಾನೂ ಇನ್ನೂ ಹೇಳಿಲ್ಲ.