ಕುದಿಯಬಾರದಿದ್ದ ಪಾತ್ರೆ

ಸೈಲಸ್ ವೆಲ್ಲಕಾಟನ ಮೊಣಕಾಲು ನಡುಗಿದರೆ ಚರ್ಚಿನ ಗಂಟೆ ತಾನಾಗಿ ಮೊಳಗುತ್ತದೆ ಎಂದು ನಮ್ಮ ಹಾಲ್ಕೂಮಿನಲ್ಲಿ ಪ್ರತೀತಿ. ಒಮ್ಮೆ ಬಾತುಕೋಳಿಯೊಂದು ಅವನನ್ನು ದುರುಗುಟ್ಟಿ ನೋಡಿದಾಗ ಅವನು ನಡುಗಿದ್ದಕ್ಕೆ ಕಣಿವೆಯಾಚೆ ಬೆಣ್ಣೆಯ ಗಡಿಗೆಗಳು ಉರುಳಿದುವಂತೆ. ಇಂಥ ಮಹಾಪುರುಷನಿಗೂ ಒಂದು ಓಟಿತ್ತು.

ಆಗಿನ್ನೂ ಹಾಲ್ಕೂಮ್ ಪಾರ್ಲಿಮೆಂಟಿಗೆ ಸದಸ್ಯನನ್ನು ಕಳಿಸುತ್ತಿದ್ದ ಕ್ಷೇತ್ರ. ಆಮೇಲೆ ಆ ಕ್ಷೇತ್ರವನ್ನೇ ರದ್ದುಮಾಡಿದರು. ಸ್ವಂತ ಒಲೆಯ ಮೇಲೆ ಸ್ವಂತ ಪಾತ್ರೆ ಕುದಿಸಿದ ಗಂಡಸಿಗೆ ಓಟು, ಇದು ನಮ್ಮ ಕಾನೂನು. ಪಾತ್ರೆ ಕುದಿಯುವುದನ್ನು ನೋಡಲು ಚುನಾವಣೆಯ ದಿನ ಪರೀಕ್ಷಕರು ಮನೆಮನೆಗೆ ಬರುತ್ತಿದ್ದರು. ಆಮೇಲೆ ಚೌಕದಲ್ಲಿ ನಿಂತು, ಊರಿಗೆಲ್ಲ ಕೇಳುವಂತೆ ತನ್ನ ಅಭ್ಯರ್ಥಿಯ ಹೆಸರು ಕೂಗಬೇಕು.

ಚುನಾವಣೆಯ ಮುನ್ನಾದಿನ ಊರ ಮನೆಗಳಿಗೆಲ್ಲ ಒಡೆಯನಾದ ದೊರೆಯ ಕಾರಭಾರಿ ಕ್ರಾಕರ್ ಕುದುರೆಯಿಂದ ಇಳಿಯದೆಯೇ ಸೈಲಸನಿಗೆ ಹೇಳಿದ: "ದೊರೆ ಕಡೆಯವರ ಹೆಸರು ಹೇಳದಿದ್ರೆ ಸಂಜೆಗೆ ನಿನ್ನ ಮನೆ ಮಾಡು ನೆಲದ ಮೇಲಿರುತ್ತೆ ಕಣಯ್ಯ." ಸುಳ್ಳಲ್ಲ. ಹೋದ ಸಲ ಎದುರು ಕೂಗಿದವನ ಮನೆ ಪಕ್ಕದಲ್ಲೇ ಬೋಳುಗೋಡೆಯಾಗಿ ಮಳೆ ಕುಡಿಯುತ್ತಿತ್ತು.

ಕ್ರಾಕರ್ ಹೋದದ್ದೇ ತಡ, ಎದುರು ಪಕ್ಷದ ನೇಕಾರ ಜಾಬ್ ಚಗ್ ಬಂದು ಹೆಗಲ ಮೇಲೆ ಕೈಯಿಟ್ಟ. "ಸೈಲಸಣ್ಣ, ದೊರೆ ಕಡೆ ಕೂಗಿದ್ರೆ ನಿನ್ನ ಕಾಲು ಮುರಿಯೋನು ನಾನೇ. ಬೇರೆಯವರಿಗೆ ಬಿಡಲ್ಲ. ಸ್ನೇಹ ಅಂತ ಒಂದಿದೆಯಲ್ಲ!"

ಸೈಲಸನ ತಲೆಯಲ್ಲಿ ಮಿಂಚು ಹೊಳೆಯಿತು. ಪಾತ್ರೆಯೇ ಕುದಿಯದಿದ್ದರೆ? ಓಟೂ ಇಲ್ಲ, ಒದೆಯೂ ಇಲ್ಲ! ಮರುದಿನ ಪರೀಕ್ಷಕರು ಬೀದಿಗೆ ಬರುವ ಹೊತ್ತಿಗೆ ಒಲೆಗೆ ಹಸಿ ಕಟ್ಟಿಗೆ ಒಟ್ಟಿ, ಪಾತ್ರೆಗೆ ಅಂಚಿನವರೆಗೆ ತಣ್ಣೀರು ತುಂಬಿ, ಬೆವರುತ್ತಾ ಕುಳಿತ.

"ಎಲ್ಲಕ್ಕೂ ಹೆದರ್ತೀರಲ್ಲ, ಹಸಿವಿಗೂ ಒಂಚೂರು ಹೆದರ್ಕೊಳ್ರೀ," ಎಂದಳು ಹೆಂಡತಿ ಟ್ಯಾಮ್ಸಿನ್.

ಕ್ರಾಕರ್ ಇಣುಕಿದ. "ಅಯ್ಯೋ, ನಮ್ಮ ಓಟು!" ಎಂದು ಒಣ ಸೌದೆ ತರಿಸಿದ. "ನಿಮ್ಮದಲ್ಲ, ನಮ್ಮದು!" ಎಂದು ಜಾಬ್ ತಿದಿಯೊಂದಿಗೆ ನುಗ್ಗಿದ. ಹುಟ್ಟುವೈರಿಗಳಿಬ್ಬರೂ ಕೆನ್ನೆಗೆ ಕೆನ್ನೆ ತಾಗಿಸಿ ಒಂದೇ ಒಲೆ ಊದಿದರು. ಸೈಲಸ್ ಮೊದಲ ಗುಳ್ಳೆಯನ್ನು ನೇಣಿನ ಕುಣಿಕೆಯನ್ನು ನೋಡುವಂತೆ ನೋಡಿದ. ಪಾತ್ರೆ ಉಕ್ಕಿತು. ಪರೀಕ್ಷಕರು ಓಟು ಸಿಂಧುವೆಂದು ತಲೆಯಾಡಿಸಿದರು.

ಕ್ರಾಕರ್, ಜಾಬ್ ಇಬ್ಬರೂ ಸೈಲಸನನ್ನು ಚೌಕಕ್ಕೆ ಎಳೆದೊಯ್ದರು. ಅವನ ಮನೆಗೆ ಅದಾಗಲೇ ಏಣಿ ಒರಗಿಸಿ, ಕೊಕ್ಕೆ ಹಿಡಿದ ಇಬ್ಬರು ಕ್ರಾಕರನ ಸನ್ನೆಗೆ ಕಾಯುತ್ತಿದ್ದರು. ಇತ್ತ ಜಾಬ್ ತೋಳೇರಿಸುತ್ತಿದ್ದ.

"ಯಾರಿಗೆ?" ಎಂದ ಓಟು ಬರೆದುಕೊಳ್ಳುವ ಗುಮಾಸ್ತ.

"ದೊರೆ ಕಡೆಯವರಿಗೇ ಬರ್ಕೊಳ್ಳಿ ಸ್ವಾಮಿ," ಎಂದ ಸೈಲಸ್. "ಕಾಲು ಮುರಿದ್ರೆ ಕೂಡ್ಕೊಳ್ಳುತ್ತೆ. ಮಾಡು ಹೋದ್ರೆ ಟ್ಯಾಮ್ಸಿನ್ ಎಲ್ಲಿ ಮಲಗ್ತಾಳೆ?"