ಕೊನೆಯ ಸರದಿಯ ಶಾಸಕ

ಶಾಸನಸಭೆಯಲ್ಲಿ ಇಂಗ್ಲಿಷ್ ಅಕ್ಷರಕ್ರಮದಲ್ಲಿ ಹೆಸರು ಕೂಗಿ ಮತ ಕೇಳುತ್ತಿದ್ದರು. ಝೆಬುಲನ್ ಯೇಟ್ಸನ ಸರದಿ ಯಾವಾಗಲೂ ಕೊನೆಯದು. ಅಷ್ಟರಲ್ಲಿ ಯಾವ ಕಡೆ ಗೆದ್ದಿತೆಂದು ತಿಳಿದಿರುತ್ತಿತ್ತು. ಅವನು ಪೀಕದಾನಿಗೆ ಉಗಿದು, ಎದ್ದುನಿಂತು, ಗೆದ್ದವರ ಜೊತೆ ಸೇರುತ್ತಿದ್ದ. "ಹನ್ನೊಂದು ವರ್ಷದಲ್ಲಿ ನಮ್ಮ ಯೇಟ್ಸ್ ಸಾಹೇಬ್ರು ಒಂದ್ಸಲಾನೂ ಸೋತಿಲ್ಲ ಕಣ್ರೀ," ಎಂದು ಓಹಾಯೊ ನದಿ ದಡದ ಅವನೂರಿನ ಕ್ಷೌರಿಕ ಗಿರಾಕಿಗಳಿಗೆಲ್ಲ ಹೇಳುತ್ತಿದ್ದ. ಹೆಂಡತಿಯ ದುಡಿಮೆ ಹೆಂಡತಿಗೇ ಸೇರಬೇಕೆಂಬ ಮಸೂದೆ ಬಂದ ದಿನ ಮಾತ್ರ ಅವನ ಸರದಿಯ ಹೊತ್ತಿಗೆ ಮತಗಳು ಸಮಸಮವಾಗಿದ್ದವು. ಹೊಲಿದು ಗಳಿಸಿದ್ದನ್ನೆಲ್ಲ ಗಂಡನ ಕುಡಿತಕ್ಕೆ ಕಳೆದುಕೊಂಡ ಯೇಟ್ಸನ ಅಕ್ಕ ಲವೀನಿಯಾ ಗ್ಯಾಲರಿಯಲ್ಲಿ ಕೂತಿದ್ದಳು. ಯೇಟ್ಸ್ ಬೂಟಿನ ದಾರ ಕಟ್ಟುವವನಂತೆ ಮೇಜಿನಡಿ ಬಗ್ಗಿದ. ಗುಮಾಸ್ತ ಮೂರು ಸಲ ಕೂಗಿದರೂ ಏಳಲಿಲ್ಲ. ಒಂದು ಮತ ಸಾಲದೆ ಮಸೂದೆ ಬಿತ್ತು. ಮೆಟ್ಟಿಲ ಬಳಿ ಅಕ್ಕ ಎದುರಾದಾಗ ಅವನಿಗೆ ತಲೆ ಎತ್ತಲಾಗಲಿಲ್ಲ. "ಝೆಬ್, ನಿನ್ನ ಬೂಟಿಗೆ ದಾರಾನೇ ಇಲ್ವಲ್ಲೋ," ಎಂದಳು ಅವಳು, ಮೆತ್ತಗೆ.