ನಾದಿನಿಗೆ ಬಿಟ್ಟ ಜಾಗ

ಹೇಳದೆ ಇರಲಾಗುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಾನು ಓದಿದ್ದು ಮೂರನೇ ಕ್ಲಾಸು. ಒತ್ತು, ದೀರ್ಘ ತಪ್ಪಿದ್ದರೆ ನೀವೇ ಸರಿ ಮಾಡಿಕೊಂಡು ಓದಿ. ಅದನ್ನೆಲ್ಲ ಕೂತು ನೋಡುವ ತಾಳ್ಮೆ ಈಗ ನನಗಿಲ್ಲ, ಸಂತೋಷ ಹಾಲಿನ ಹಾಗೆ ಉಕ್ಕಿ ಒಲೆಗೆ ಸುರಿಯುತ್ತಿದೆ.

ದೊಡ್ಡಬಳ್ಳಾಪುರದಲ್ಲಿ ನಮ್ಮದು ಮಗ್ಗದ ಬೀದಿ. ನಮ್ಮ ಮನೆಯ ಹಿಂಭಾಗದಲ್ಲೇ ನಾಲ್ಕು ಪವರ್‌ಲೂಮ್ ಇವೆ, ಎಡಗಡೆಯವರದು ಆರು, ಬಲಗಡೆಯವರದು ಎಂಟು. ಬೆಳಿಗ್ಗೆ ಶುರುವಾದರೆ ಟಕಾಟಕ್ ಟಕಾಟಕ್. ಪಕ್ಕದಲ್ಲಿ ಕೂತವರ ಜೊತೆಗೂ ಕೂಗಿಯೇ ಮಾತಾಡಬೇಕು. ಇಂಥ ಮನೆಯ ಮಹಡಿ ರೂಮಿನಲ್ಲಿ ನನ್ನ ಮೊಮ್ಮಗಳು ಹಾಡು ರೆಕಾರ್ಡು ಮಾಡುತ್ತೇನೆ ಎಂದು ಹೊರಟಳು ನೋಡಿ!

ಗಾರ್ಮೆಂಟ್ಸ್ ಆಫೀಸಿನಲ್ಲಿ ಅವಳಿಗೆ ಕೆಲಸ. ಸಂಬಳ ಬಂದಾಗೆಲ್ಲ ಒಂದೊಂದೇ ಸಾಮಾನು ತಂದಳು. ಲ್ಯಾಪ್‌ಟಾಪು ಮೊದಲೇ ಇತ್ತು. ಆಮೇಲೆ ಒಂದು ಮೈಕು, ಅದನ್ನು ನಿಲ್ಲಿಸಲು ಕೊಕ್ಕರೆ ಕಾಲಿನ ಸ್ಟ್ಯಾಂಡು, ಮೈಕಿಗೂ ಲ್ಯಾಪ್‌ಟಾಪಿಗೂ ನಡುವೆ ಸಂಬಂಧ ಕುದುರಿಸುವ ಒಂದು ಸಣ್ಣ ಡಬ್ಬಿ, ಕಿವಿಗೆ ದಪ್ಪನೆಯ ಹೆಡ್‌ಫೋನು. ಮೈಕಿನ ಮುಂದೆ ಹಿಟ್ಟಿನ ಜರಡಿಯಂಥದ್ದೊಂದನ್ನು ಸಿಕ್ಕಿಸಿದಳು. "ಇದ್ಯಾಕೆ, ನಿನ್ನ ಹಾಡಲ್ಲಿ ಅಷ್ಟೊಂದು ತೌಡು ಇದೆಯಾ?" ಎಂದು ಕೇಳಿದೆ. "ಉಗುಳು, ಉಸಿರು ಹೊಡೀಬಾರ್ದು ಅಂತ ಅಜ್ಜಿ," ಎಂದಳು. ಗೋಡೆಗೆಲ್ಲ ಮೊಟ್ಟೆ ಟ್ರೇ ಅಂಟಿಸಿ, ಬಾಗಿಲಿಗೆ ಎರಡು ಕಂಬಳಿ ಕಟ್ಟಿದಳು. ನಮ್ಮೆಜಮಾನರು ಬಂದು ನೋಡಿ, "ಕೋಳಿ ಯಾವಾಗ ತರ್ತೀಯವ್ವಾ?" ಎಂದರು.

ಅಷ್ಟೆಲ್ಲ ಮಾಡಿದರೂ ಮಗ್ಗದ ಸದ್ದು ನಿಲ್ಲಲಿಲ್ಲ. ಕೊನೆಗೆ ಅವಳೇ ದಾರಿ ಕಂಡುಕೊಂಡಳು. ಕರೆಂಟು ಹೋದರೆ ಇಡೀ ಬೀದಿ ಗಪ್‌ಚಿಪ್. ಲ್ಯಾಪ್‌ಟಾಪು ಬ್ಯಾಟರಿಯಲ್ಲಿ ಓಡುತ್ತದೆ, ಮಿಕ್ಕಿದ್ದೆಲ್ಲ ಅದರಿಂದಲೇ ಓಡುತ್ತದೆ. ಹಾಗಾಗಿ ಕರೆಂಟು ಹೋದ ಗಳಿಗೆ ಕೆಳಗೆ ತಾತನ ಬೈಗುಳ, ಮೇಲೆ ಮೊಮ್ಮಗಳ ಹಾಡು. "ಊರಿಗೆಲ್ಲ ಕರೆಂಟ್ ಬಂದ್ರೆ ಖುಷಿ, ಇವಳಿಗೆ ಹೋದ್ರೆ ಖುಷಿ," ಎಂದು ಅವರು ಗೊಣಗುತ್ತಿದ್ದರು.

ಅವಳಿಗೆ ದೇವನಹಳ್ಳಿ ಕಡೆಯ ಹುಡುಗನ ಜೊತೆ ಮದುವೆ ಗೊತ್ತಾಯಿತು. ಒಂದು ದಿನ ಬಂದು ನನ್ನ ಪಕ್ಕ ಕೂತು, "ಅಜ್ಜಿ, ಚಪ್ಪರದ ದಿನ ನಂಗೆ ನಿನ್ನ ಬೀಗರ ಪದ ಬೇಕು. ರೆಕಾರ್ಡ್ ಮಾಡಿ ಇಟ್ಕೋತೀನಿ," ಎಂದಳು.

ನನ್ನ ಕೈಯಲ್ಲಿದ್ದ ಅವರೆಕಾಯಿ ಅಲ್ಲೇ ನಿಂತಿತು.

ಬೀಗರ ಪದ ಎಂದರೆ ಗೊತ್ತಲ್ಲ, ಹೆಣ್ಣಿನ ಕಡೆಯವರು ಗಂಡಿನ ಕಡೆಯವರನ್ನು ಹಂಗಿಸುವುದು, ಅವರು ಅದಕ್ಕೆ ತಿರುಗಿಸಿ ಕೊಡುವುದು. ನಮ್ಮ ಮನೆತನದಲ್ಲಿ ಇದನ್ನು ಹಾಡುತ್ತಿದ್ದವರು ಇಬ್ಬರೇ: ನಾನು ಮತ್ತು ನನ್ನ ನಾದಿನಿ, ಅಂದರೆ ನಮ್ಮೆಜಮಾನರ ತಂಗಿ. ಅವಳನ್ನು ತೂಬಗೆರೆಗೆ ಕೊಟ್ಟಿದೆ. ನಾನು ಈ ಮನೆಗೆ ಬಂದ ವರ್ಷದಿಂದ ಯಾರ ಮದುವೆಯೇ ಇರಲಿ, ಹೆಣ್ಣಿನ ಕಡೆ ನಾನು, ಗಂಡಿನ ಕಡೆ ಅವಳು. ನಲವತ್ತು ವರ್ಷ ಹಾಗೇ ನಡೆಯಿತು. ಅವಳ ಪದ ನನಗೆ ಬಾರದು, ನನ್ನ ಪದ ಅವಳಿಗೆ ಬಾರದು. ಕಲಿಯುವ ಅಗತ್ಯವೇ ಬಿದ್ದಿರಲಿಲ್ಲ.

ಮೂರು ವರ್ಷದ ಹಿಂದೆ ಅವಳ ಗಂಡ ಹೋಗಿಬಿಟ್ಟರು. ವರ್ಷ ಕಳೆದ ಮೇಲೆ ನೆಂಟರ ಮನೆಯೊಂದರ ಚಪ್ಪರದಲ್ಲಿ ನಾವಿಬ್ಬರೂ ಎಂದಿನಂತೆ ಮುಂದೆ ಕೂತೆವು. ಬಳಗದ ಹಿರಿಯ ಹೆಂಗಸೊಬ್ಬರು ಅವಳ ಭುಜ ಮುಟ್ಟಿ, "ನೀನು ಸ್ವಲ್ಪ ಹಿಂದಕ್ಕೆ ಕೂತ್ಕೋ ತಾಯಿ, ಶುಭದ ಕೆಲಸ," ಎಂದರು. ಜೋರಾಗಿ ಹೇಳಲಿಲ್ಲ, ಮೆತ್ತಗೇ ಹೇಳಿದರು. ಅವಳು ಎದ್ದು ಹೋದಳು. ನನ್ನ ಕೈಯಲ್ಲಿ ತಾಂಬೂಲದ ತಟ್ಟೆ ಇತ್ತು. ನಾನು ಬಾಯಿ ಬಿಡಲಿಲ್ಲ. ಅವತ್ತಿನಿಂದ ಅವಳು ಯಾವ ಮದುವೆಗೂ ಬರಲಿಲ್ಲ. ಕರೆದರೆ, "ಗಂಟ್ಲು ಕಟ್ಟೈತೆ ಅತ್ತಿಗೆ," ಎನ್ನುವಳು. ನಾನೂ ಹಾಡುವುದು ಬಿಟ್ಟೆ. ಅರ್ಧ ಜಗಳ ಯಾರಿಗೆ ಬೇಕು?

ಇದನ್ನೆಲ್ಲ ಮೊಮ್ಮಗಳಿಗೆ ಹೇಳಲಿಲ್ಲ. "ಹೂಂ, ಹಾಡ್ತೀನಿ," ಎಂದಷ್ಟೇ ಎಂದೆ.

ಒಂದು ಮಧ್ಯಾಹ್ನ ಕರೆಂಟು ಹೋಯಿತು. "ಅಜ್ಜೀ, ಓಡಿ ಬಾ!" ಎಂದು ಮೇಲಿಂದ ಕೂಗಿದಳು. ಈ ಮಂಡಿ ಇಟ್ಟುಕೊಂಡು ನಾನು ಓಡಿದೆ! ಮೈಕಿನ ಮುಂದೆ ಕೂರಿಸಿ ಕಿವಿಗೆ ಹೆಡ್‌ಫೋನ್ ಹಾಕಿದಳು. ಬಾಯಿ ತೆರೆಯುವ ಮುಂಚೆಯೇ ಅವಳ ಹುಬ್ಬು ಗಂಟಾಯಿತು.

"ಅಜ್ಜಿ, ಬಳೆ ಸದ್ದು. ತೆಗ್ದಿಡು."

"ಬಾಯಿ ಮುಚ್ಚು! ತಾತ ಕೆಳಗೆ ಗುಂಡುಕಲ್ಲಿನ ಹಂಗೆ ಕೂತವ್ರೆ, ನಾನು ಬಳೆ ತೆಗೀಲಾ? ನಿನ್ನ ಮೈಕಿಗೆ ಬುದ್ಧಿ ಇಲ್ವಾ?"

ಕೊನೆಗೆ ನನ್ನ ಎರಡು ಕೈಗೂ ಟವೆಲ್ಲು ಸುತ್ತಿದಳು. ಕೈ ಮುರಿದವಳ ಹಾಗೆ ಕೂತು ಹಾಡಿದೆ:

ಬಂದರು ಬೀಗರು ಬಿಸಿಲಲ್ಲಿ ಬಂದರು
ತಂದದ್ದು ಏನೆಂದು ಗಂಟು ಬಿಚ್ಚಿದರೆ
ಮೂರು ಮೊಳದುದ್ದ ಮೀಸೆ!

ಒಂದಾದ ಮೇಲೊಂದು ಹನ್ನೊಂದು ಪದ ಹಾಡಿದೆ. ಅವಳು ಬೆರಳೆತ್ತಿ ಭೇಷ್ ಎಂದು ಸನ್ನೆ ಮಾಡಿದಳು. ಹನ್ನೊಂದನೆಯದು ಮುಗಿಯುವ ಹೊತ್ತಿಗೆ ಕರೆಂಟು ಬಂತು. ಕೆಳಗೆ ಮಗ್ಗ ಶುರುವಾಯಿತು.

ಎರಡು ದಿನ ಬಿಟ್ಟು ಕರೆದು ಕೇಳಿಸಿದಳು. ಅಯ್ಯೋ ದೇವರೇ, ಅದು ನನ್ನ ದನಿಯಾ? ನನ್ನ ಅತ್ತೆಯೇ ಎದ್ದು ಬಂದು ಹಾಡಿದ ಹಾಗಿತ್ತು. ಲ್ಯಾಪ್‌ಟಾಪಿನಲ್ಲಿ ನನ್ನ ದನಿ ಹಸಿರು ಬಣ್ಣದಲ್ಲಿ ಎದ್ದು ಬಿದ್ದು ಹೋಗುತ್ತಿತ್ತು, ನಮ್ಮ ಸೀರೆಯ ಗೋಪುರದ ಅಂಚಿನ ಹಾಗೆಯೇ. ಹಿಗ್ಗಿದೆ. ಆದರೆ ಎರಡನೇ ಪದಕ್ಕೇ ಹಿಗ್ಗು ಇಳಿಯಿತು. ಮೊದಲನೆಯದು ಮುಗಿದ ಕೂಡಲೇ, ಉಸಿರೂ ಬಿಡದೆ ಎರಡನೆಯದು ಬಂದುಬಿಟ್ಟಿತು. ಅದರ ಬೆನ್ನಿಗೆ ಮೂರನೆಯದು.

"ಇದೇನೇ, ನಾನು ಹಿಂಗೆ ಹಾಡಿದ್ನಾ?"

"ಇಲ್ಲಜ್ಜಿ, ನೀನು ಒಂದೊಂದು ಪದ ಆದ್ಮೇಲೂ ಸುಮ್ನೆ ಕೂತ್ಬಿಡ್ತಿದ್ದೆ. ಮರೆತುಹೋಗಿದೆ ಅನ್ಕೊಂಡೆ. ಆ ಖಾಲಿ ಜಾಗ ಎಲ್ಲ ಕಟ್ ಮಾಡ್ದೆ. ಈಗ ಟೈಟಾಗಿದೆ ಅಲ್ವಾ?"

"ಲೇ ಕೂಸೇ, ಅದು ಖಾಲಿ ಜಾಗ ಅಲ್ಲ. ಅಲ್ಲಿ ನಿನ್ನ ತೂಬಗೆರೆ ಅಜ್ಜಿ ಹಾಡ್ಬೇಕು!"

ಹೇಳಿದ ಮೇಲೆ ನನಗೇ ಅಳು ಬಂತು. ಹಾಡುವಾಗ ನನಗೆ ಅದರ ಪರಿವೆಯೇ ಇರಲಿಲ್ಲ. ಅಭ್ಯಾಸಬಲದಿಂದ ಅವಳ ಸರದಿಗೆ ಜಾಗ ಬಿಟ್ಟು ಬಿಟ್ಟು ಹಾಡಿದ್ದೆ. ಅವಳ ಪದ ನನ್ನ ಬಾಯಿಗೆ ಬಾರದು, ಆದರೆ ಅವಳು ಎಷ್ಟು ಹೊತ್ತು ಎಳೆಯುತ್ತಾಳೆ, ಎಲ್ಲಿ ಉಸಿರು ತೆಗೆದುಕೊಳ್ಳುತ್ತಾಳೆ, ಯಾವ ಪದಕ್ಕೆ ಜನ ನಕ್ಕು ತಡ ಮಾಡುತ್ತಾರೆ, ಅದಷ್ಟೂ ಒಳಗೆ ಗೊತ್ತಿದೆ. ಆಗ ಚಪ್ಪರದ ಸಂಗತಿ ಮೊಮ್ಮಗಳಿಗೆ ಪೂರ್ತಿ ಹೇಳಿದೆ, ನಾನು ಬಾಯಿ ಮುಚ್ಚಿಕೊಂಡಿದ್ದನ್ನೂ ಸೇರಿಸಿ.

ಅವಳು ಲ್ಯಾಪ್‌ಟಾಪಿನಲ್ಲಿ ಎರಡು ಮೂರು ಬಾರಿ ಏನೋ ಒತ್ತಿದಳು. ಹಸಿರು ಅಂಚಿನ ನಡುನಡುವೆ ಬಿಳಿ ಜಾಗ ಬಿಚ್ಚಿಕೊಂಡಿತು. "ಕತ್ತರಿಸಿದ್ದು ಎಲ್ಲೂ ಹೋಗಿಲ್ಲ ಅಜ್ಜಿ, ಇಲ್ಲೇ ಇದೆ," ಎಂದಳು. ಬಟ್ಟೆ ಕತ್ತರಿಸುವವರಿಗೆ ಇಂಥ ಬಟನ್ನು ಇದ್ದಿದ್ದರೆ ನಮ್ಮ ಬೀದಿಯಲ್ಲಿ ಎಷ್ಟು ಜಗಳ ತಪ್ಪುತ್ತಿತ್ತೋ!

ಭಾನುವಾರ ಎಲ್ಲ ಸಾಮಾನನ್ನೂ ಒಂದು ಬ್ಯಾಗಿಗೆ ತುಂಬಿಕೊಂಡು ತೂಬಗೆರೆ ಬಸ್ಸು ಹತ್ತಿದೆವು. ಬಸ್ಸಿನ ಉದ್ದಕ್ಕೂ ನನಗೆ ಒಂದೇ ಭಯ. ಅವಳು "ಗಂಟ್ಲು ಕಟ್ಟೈತೆ" ಎಂದುಬಿಟ್ಟರೆ? ಆ ಮಾತಿಗೆ ನಾನು ಯಾವ ಮುಖ ಇಟ್ಟುಕೊಂಡು ಒತ್ತಾಯ ಮಾಡಲಿ?

ಹಾಗೇ ಆಯಿತು. ಕಾಫಿ ಕೊಟ್ಟಳು, ಮಂಡಿನೋವು ಕೇಳಿದಳು, ಮದುವೆ ಸೀರೆಯ ಬಣ್ಣ ಕೇಳಿದಳು. ಹಾಡಿನ ಮಾತು ಎತ್ತಿದ ಕೂಡಲೇ, "ಗಂಟ್ಲು ಕಟ್ಟೈತೆ ಅತ್ತಿಗೆ. ನನ್ನ ಬಿಡು, ನೀನು ಹಾಡು," ಎಂದು ಲೋಟ ಎತ್ತಿಕೊಂಡು ಎದ್ದಳು.

ಮೊಮ್ಮಗಳು ಅವಳ ಸೆರಗು ಹಿಡಿದಳು. "ನೀನು ಹಾಡ್ಬೇಡ ಚಿಕ್ಕಜ್ಜಿ. ಅಜ್ಜಿ ಹೆಂಗೆ ಹಾಡವ್ಳೆ ಕೇಳಿ ಹೇಳು, ಅಷ್ಟೇ."

ಹೆಡ್‌ಫೋನು ಹಾಕಿ ಕೂರಿಸಿದಳು. ಮೈಕನ್ನೂ ಮುಂದೆ ನಿಲ್ಲಿಸಿದಳು. ನನ್ನ ಕೈಗೆ ಸುತ್ತಿದ್ದ ಟವೆಲ್ಲು ಬ್ಯಾಗಿನಲ್ಲೇ ಇತ್ತು. ಅವಳ ಕೈಗೆ ಅದು ಬೇಕಾಗಲಿಲ್ಲ.

ಹಾಡು ಅವಳ ಕಿವಿಯೊಳಗೆ ಮಾತ್ರ. ನಮಗೆ ಹಿತ್ತಲಿನ ಕೋಳಿ ಕೇಳಿಸುತ್ತಿತ್ತು, ಅಷ್ಟೇ. ಅವಳು ಬೆಚ್ಚಿಬಿದ್ದು, "ಅತ್ತಿಗೇ! ನೀನು ಇಲ್ಲೇ ಕೂತು ನನ್ನ ತಲೆಯೊಳಗೆ ಹಾಡ್ತಿದ್ದೀಯಲ್ಲಾ!" ಎಂದು ಬೀದಿಗೆ ಕೇಳುವ ಹಾಗೆ ಕೂಗಿದಳು. ಮೊದಲ ಪದ ಮುಗಿದಿರಬೇಕು, ತುಟಿ ಅಲುಗಿತು, ದನಿ ಬರಲಿಲ್ಲ. ಎರಡನೆಯದಕ್ಕೆ ಮುಖ ಕೆಂಪಾಯಿತು. ಆ ಪದದಲ್ಲಿ ನಾನು ಗಂಡಿನ ತಾಯಿಯ ಅಡಿಗೆಯನ್ನು ಹೀಯಾಳಿಸುತ್ತೇನೆ. ಅವಳು ಅದನ್ನು ಯಾವತ್ತೂ ತಡೆದುಕೊಂಡವಳಲ್ಲ. ತಟ್ಟನೆ ಕೈ ಎತ್ತಿ, "ಏಯ್, ಮೊದಲಿಂದ ಹಾಕು!" ಎಂದಳು.

ಮೊದಲಿಂದ ಹಾಕಿದಳು ಮೊಮ್ಮಗಳು. ನನ್ನ ಮೀಸೆಯ ಪದ ಅಲ್ಲಿ ಮುಗಿಯಿತೋ ಇಲ್ಲವೋ, ನಾದಿನಿ ಬಾಯಿ ತೆರೆದಳು:

ಮೀಸೆಗೆ ತುಪ್ಪವ ತೀಡೋಣ ಎಂದರೆ
ಬೀಗಿತ್ತಿ ಮನೆಯ ತುಪ್ಪದ ಗಡಿಗೆ
ಬೆಕ್ಕು ನೆಕ್ಕಿ ಮಲಗೈತೆ!

ಮೂರು ವರ್ಷ! ಮೂರು ವರ್ಷ ಆಗಿತ್ತು ಆ ದನಿ ಕೇಳಿ. ಅವಳು ಹಾಡುತ್ತಾಳೆ, ನಿಲ್ಲುತ್ತಾಳೆ, ನನ್ನನ್ನು ಕೇಳಿಸಿಕೊಂಡು ಕಣ್ಣು ಕೆಕ್ಕರಿಸುತ್ತಾಳೆ, ಮತ್ತೆ ಉರಿದು ಬೀಳುತ್ತಾಳೆ. ನಾನು ಎದುರಿಗೇ ಬಾಯಿ ಮುಚ್ಚಿಕೊಂಡು ಕೂತಿದ್ದೇನೆ, ಬೈಸಿಕೊಳ್ಳುತ್ತಿದ್ದೇನೆ! ನಗು ತಡೆಯಲು ಸೆರಗನ್ನು ಬಾಯಿಗೆ ತುರುಕಿಕೊಂಡೆ. ಹನ್ನೊಂದಕ್ಕೆ ಹನ್ನೊಂದು ತಿರುಗಿಸಿ ಕೊಟ್ಟಳು. ಮೊಮ್ಮಗಳು ನೋಡಿ ನೋಡಿ, "ಅಜ್ಜಿ, ನೀನು ಬಿಟ್ಟ ಜಾಗಕ್ಕೆ ಸರಿಯಾಗಿ ಕೂರ್ತಿದೆ, ಒಂದ್ ಕಡೆ ಕೂಡ ನಾನು ಎಳೀಬೇಕಾಗಿಲ್ಲ!" ಎಂದು ನನ್ನ ತೊಡೆ ಚಿವುಟಿದಳು.

ನಾದಿನಿ ಹೆಡ್‌ಫೋನ್ ತೆಗೆದಳು. ಕಣ್ಣೊರೆಸಿಕೊಂಡಳು. ಆಮೇಲೆ ಕೇಳಿದಳು: "ಚಪ್ಪರದ ದಿನ ಇದನ್ನೇನು ಮಾಡ್ತೀರಿ?"

"ಸ್ಪೀಕರಲ್ಲಿ ಹಾಕ್ತೀವಿ ಚಿಕ್ಕಜ್ಜಿ."

"ಮಿಷಿನ್ನು ಚಪ್ಪರದಲ್ಲಿ ಕೂತ್ಕೊಂಡು ಹಾಡ್ತೈತೆ, ನಾನು ಇಲ್ಲಿ ಕೂತ್ಕೊಂಡು ಕೋಳಿ ಕಾಯ್ತೀನಾ?"

ಅಷ್ಟು ಸಾಕಿತ್ತು ನನಗೆ. "ಅಮ್ಮಣ್ಣಿ," ಎಂದೆ, "ಅವತ್ತು ನಾನು ಬಾಯಿ ಬಿಡ್ಲಿಲ್ಲ."

"ಗೊತ್ತು ಬಿಡು ಅತ್ತಿಗೆ. ತಟ್ಟೆ ಹಿಡ್ಕೊಂಡು ಬೊಂಬೆ ಹಂಗೆ ಕೂತಿದ್ದೆ. ನೋಡ್ದೆ ನಾನು." ಅಷ್ಟು ಹೇಳಿ ನನ್ನ ಕೈಗೆ ಇನ್ನೊಂದು ಲೋಟ ಕಾಫಿ ಇಟ್ಟಳು.

ಚಪ್ಪರದ ದಿನ ಬೀದಿಯವರು ನಮಗೋಸ್ಕರ ಮಗ್ಗ ನಿಲ್ಲಿಸಿದರು. ನಾದಿನಿ ಬೆಳಿಗ್ಗೆಯೇ ಬಂದಳು. ಕೈ ಹಿಡಿದು ಕರೆತಂದು ನನ್ನ ಎದುರಿಗೆ, ಮುಂದಿನ ಸಾಲಲ್ಲೇ ಕೂರಿಸಿದೆ. ಅದೇ ಹಿರಿಯ ಹೆಂಗಸು ಹತ್ತಿರ ಬಂದರು. ಅವರು ಬಾಯಿ ತೆರೆಯುವುದಕ್ಕೆ ಮೊದಲೇ ನಾನು ತೆರೆದೆ.

"ಅಕ್ಕಾ, ಇವಳು ಎದ್ರೆ ನಾನೂ ಏಳ್ತೀನಿ. ನಾನೆದ್ರೆ ಹಾಡಿಲ್ಲ. ಹಾಡಿಲ್ದೆ ಅರಿಶಿನ ಹೆಂಗೆ ಹಚ್ತೀರೋ ಹಚ್ಕೊಳ್ಳಿ."

"ಅಯ್ಯೋ, ನಾನೇನಂದೆ ತಾಯಿ ಈಗ! ಎಲೆ ಅಡಿಕೆ ಬೇಕಾ ಅಂತ ಕೇಳೋಣ ಅಂತ ಬಂದೆ," ಎಂದು ಅವರು ಅಲ್ಲೇ ಕೂತರು. ಆಮೇಲೆ ಎಲ್ಲರಿಗಿಂತ ಜೋರಾಗಿ ನಕ್ಕವರೂ ಅವರೇ.

ಸ್ಪೀಕರು ಮೂಲೆಯಲ್ಲೇ ಉಳಿಯಿತು. ಮದುಮಗಳು, ಮುಖಕ್ಕೆಲ್ಲ ಅರಿಶಿನ ಮೆತ್ತಿಕೊಂಡವಳು, ನಮ್ಮಿಬ್ಬರ ನಡುವೆ ಮೈಕು ನಿಲ್ಲಿಸಿ ಹೋಗಿ ಹಸೆಯ ಮೇಲೆ ಕೂತಳು. ನಾನು ಹನ್ನೊಂದು ಪದ ಹಾಡಿದೆ, ನಾದಿನಿ ಹನ್ನೊಂದು ತಿರುಗಿಸಿದಳು. ಹಾಡು ಅಲ್ಲಿಗೆ ಮುಗಿಯಬೇಕಿತ್ತು. ನಾನು ನೀರು ಕುಡಿಯಲು ಚೊಂಬು ಎತ್ತಿದೆ. ನಾದಿನಿ ಗಂಟಲು ಸರಿ ಮಾಡಿಕೊಂಡು, ನಲವತ್ತು ವರ್ಷದಲ್ಲಿ ನಾನು ಕೇಳದ ಹನ್ನೆರಡನೆಯದೊಂದನ್ನು ಎತ್ತಿದಳು:

ಹೆಣ್ಣಿನ ಅಜ್ಜಿಗೆ ಹಾಡೋಕೆ ಬಾರದು
ಡಬ್ಬಿಯ ತುಂಬ ಪದ ತುಂಬಿ ತಂದವ್ಳೆ
ಮುಚ್ಚಳ ತೆಗೆದು ಮಾರೋಕೆ!

ಚಪ್ಪರ ಕಿತ್ತು ಹೋಗುವ ಹಾಗೆ ನಕ್ಕರು ಜನ. ನಮ್ಮೆಜಮಾನರು ಕಂಬ ಹಿಡಿದುಕೊಂಡು ನಕ್ಕರು. ಗಂಡಿನ ಕಡೆಯವರು ಎದ್ದು ನಿಂತು ಸಿಳ್ಳೆ ಹಾಕಿದರು. ನನ್ನ ಬಾಯಲ್ಲಿ ಉತ್ತರವಿಲ್ಲ! ಚೊಂಬು ಹಿಡಿದುಕೊಂಡು ಕೂತುಬಿಟ್ಟೆ. "ಏನತ್ತಿಗೆ, ಗಂಟ್ಲು ಕಟ್ತಾ?" ಎಂದು ಕೇಳಿದಳು ಅವಳು, ಮೈಕಿಗೆ ಬಾಯಿ ಹತ್ತಿರ ತಂದು.

ಮೊಮ್ಮಗಳು ಈಗ ದೇವನಹಳ್ಳಿಯಲ್ಲಿದ್ದಾಳೆ. ನಾನು ಸಾರು ಕುದಿಸುವಾಗ, ಬಟ್ಟೆ ಮಡಚುವಾಗ, ಮಗ್ಗದ ಸದ್ದಿನ ನಡುವೆ ಒಂದೇ ಸಮನೆ ಉತ್ತರ ಕಟ್ಟುತ್ತಿದ್ದೇನೆ. ಎರಡು ಸಾಲಾಗಿದೆ, ಮೂರನೆಯದು ಇನ್ನೂ ಕುದುರಿಲ್ಲ. ಮುಂದಿನ ತಿಂಗಳು ರಾಜಘಟ್ಟದಲ್ಲಿ ನೆಂಟರ ಮನೆ ಮದುವೆ ಇದೆ. ನಾದಿನಿ ಆಗಲೇ ಫೋನು ಮಾಡಿ, ಮುಂದಿನ ಸಾಲಲ್ಲಿ ಜಾಗ ಹಿಡಿದಿಡು ಎಂದಿದ್ದಾಳೆ.